ನಮ್ಮ ಸರ್ವರ್‌ಗಳಿಗೆ ಜಾಗ ಹುಡುಕಿದ ನಾಲ್ಕು ತಿಂಗಳು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಊದುಬತ್ತಿ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷಗಳಿಂದ ಕಂಪ್ಯೂಟರ್ ವಿಭಾಗದ ಹೊಣೆ ನನ್ನದು. ವಿಭಾಗವೆಂದರೆ ನಾನು ಮತ್ತು ಇಬ್ಬರು ಸಹೋದ್ಯೋಗಿಗಳು. ಕಾರ್ಖಾನೆ, ಮಂಡ್ಯದ ಡಿಪೊ ಮತ್ತು ಹುಬ್ಬಳ್ಳಿಯ ಗೋದಾಮು ಮೂರರ ಲೆಕ್ಕ, ದಾಸ್ತಾನು, ಬಿಲ್ಲು ಎಲ್ಲವೂ ಕಾರ್ಖಾನೆಯ ಮೊದಲ ಮಹಡಿಯ ಒಂದು ಕೋಣೆಯಲ್ಲಿದ್ದ ಮೂರು ಸರ್ವರ್‌ಗಳ ಮೇಲೆ ನಡೆಯುತ್ತಿದ್ದವು. ಕೋಣೆಯ ಕೆಳಗೇ ಇದ್ದಿಲ ಪುಡಿ ಮತ್ತು ಜಿಗಟು ಪುಡಿಯನ್ನು ಕಲಸುವ ವಿಭಾಗವಿತ್ತು. ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಹಚ್ಚಿ, ಕಿಟಕಿ ಮುಚ್ಚಿಸಿ, ವಾರಕ್ಕೊಮ್ಮೆ ಒರೆಸಿದರೂ ಸರ್ವರಿನ ಮುಚ್ಚಳ ತೆಗೆದರೆ ಫ್ಯಾನಿನ ರೆಕ್ಕೆಗಳ ಮೇಲೆ ಕಾಡಿಗೆಯಂತಹ ಕಪ್ಪು ಪದರ ಕಾಣುತ್ತಿತ್ತು. ಇದ್ದಿಲಿನ ಧೂಳು ಬರಿಯ ಧೂಳಲ್ಲ. ಅದು ವಿದ್ಯುತ್ತನ್ನು ಹಾಯಿಸಬಲ್ಲದು. ಅದು ಗೊತ್ತಿದ್ದೂ ಅಲ್ಲಿಯೇ ವರ್ಷಗಟ್ಟಲೆ ಕಳೆದದ್ದು ನಮ್ಮ ತಪ್ಪು.

2023ರ ಸೆಪ್ಟೆಂಬರ್‌ನಲ್ಲಿ, ದಸರೆಯ ಬೇಡಿಕೆ ಏರುತ್ತಿದ್ದ ಹೊತ್ತಿನಲ್ಲಿ, ಒಂದು ಶನಿವಾರ ರಾತ್ರಿ ಕರೆಂಟು ಹೋಯಿತು. ಯುಪಿಎಸ್ ಸರ್ವರ್‌ಗಳನ್ನು ನಲವತ್ತು ನಿಮಿಷ ಹಿಡಿದುಕೊಂಡಿತು, ಅಷ್ಟರಲ್ಲಿ ಕರೆಂಟೂ ಬಂತು. ಆದರೆ ಏ.ಸಿ. ಯುಪಿಎಸ್ ಮೇಲೆ ಇರಲಿಲ್ಲ, ಮತ್ತು ಆ ಹಳೆಯ ಏ.ಸಿ. ಕರೆಂಟು ಮರಳಿದಾಗ ತಾನಾಗಿ ಶುರುವಾಗುವಂಥದ್ದೂ ಅಲ್ಲ. ಯಾರಾದರೂ ಹೋಗಿ ರಿಮೋಟ್ ಒತ್ತಬೇಕಾಗಿತ್ತು. ಮುಚ್ಚಿದ ಕೋಣೆಯಲ್ಲಿ ಸರ್ವರ್‌ಗಳು ಭಾನುವಾರ ಪೂರ್ತಿ ತಮ್ಮ ಬಿಸಿಯಲ್ಲಿ ತಾವೇ ಬೆಂದವು. ಸಂಜೆಗೆ ಸ್ಟೋರೇಜಿನ ಒಂದು ಡಿಸ್ಕ್ ಕೆಟ್ಟಿತು. ಬದಲಿ ಡಿಸ್ಕ್‌ಗೆ ಮಾಹಿತಿ ತುಂಬಿಕೊಳ್ಳುತ್ತಿರುವಾಗ ಎರಡನೆಯದೂ ಕೆಟ್ಟಿತು. ನಮ್ಮದು ಮಾಹಿತಿಯನ್ನು ಹಲವು ಡಿಸ್ಕ್‌ಗಳಿಗೆ ಹಂಚಿಡುವ ರೇಡ್ 5 ವ್ಯವಸ್ಥೆ. ಅದು ಒಂದು ಡಿಸ್ಕಿನ ನಷ್ಟವನ್ನು ತಾಳುತ್ತದೆ, ಎರಡರದನ್ನು ತಾಳುವುದಿಲ್ಲ.

ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದವರಿಗೆ ಅದೇ ವರ್ಷದ ಆಗಸ್ಟ್ 1ರಿಂದ ಜಿಎಸ್‌ಟಿಯ ಇ-ಇನ್‌ವಾಯ್ಸ್ ಕಡ್ಡಾಯವಾಗಿತ್ತು, ನಾವು ಆ ಮಿತಿಯೊಳಗೆ ಹೊಸದಾಗಿ ಬಂದಿದ್ದೆವು. ಮೊದಲಾದರೆ ಕೈಬರಹದ ಬಿಲ್ಲು ಕೊಟ್ಟು ಲಾರಿ ಕಳುಹಿಸಬಹುದಿತ್ತು. ಈಗ ಸರ್ಕಾರದ ಪೋರ್ಟಲ್‌ನಿಂದ ಸಂಖ್ಯೆ ಬಾರದೆ ಬಿಲ್ಲಿಲ್ಲ, ಬಿಲ್ಲಿಲ್ಲದೆ ಸರಕು ಗೇಟು ದಾಟುವಂತಿಲ್ಲ. ಮೂರು ಲಾರಿಗಳು ಲೋಡಾಗಿ ಮಂಗಳವಾರ ಸಂಜೆಯವರೆಗೆ ಅಂಗಳದಲ್ಲೇ ನಿಂತವು. ಶುಕ್ರವಾರ ರಾತ್ರಿಯ ಬ್ಯಾಕಪ್‌ನಿಂದ ಎಲ್ಲವನ್ನೂ ಮರಳಿ ಕೂರಿಸಿ, ಶನಿವಾರದ ನಮೂದುಗಳನ್ನು ಚೀಟಿ ನೋಡಿಕೊಂಡು ಕೈಯಲ್ಲಿ ಮತ್ತೆ ತುಂಬಿದೆವು. ಆ ಮೂರು ದಿನ ನಾನು ಮನೆಗೆ ಹೋಗಿದ್ದು ಸ್ನಾನಕ್ಕೆ ಮಾತ್ರ.

ಅದಾದ ಮೇಲೆ ಸರ್ವರ್‌ಗಳನ್ನು ಆ ಕೋಣೆಯಿಂದ ತೆಗೆಯಲೇಬೇಕೆಂದು ಯಜಮಾನರೂ ಒಪ್ಪಿದರು. ಎಲ್ಲಿಗೆ ಎನ್ನುವುದು ಪ್ರಶ್ನೆ. ಎಲ್ಲವನ್ನೂ ಕ್ಲೌಡ್‌ಗೆ ಏರಿಸಿಬಿಡಿ ಎಂದು ಹಲವರು ಹೇಳಿದರು. ನಾವು ಲೆಕ್ಕ ಹಾಕಿದೆವು. ಎರಡು ಸರ್ವರ್‌ಗಳನ್ನು ಕೊಂಡು ಇನ್ನೂ ಒಂದೂವರೆ ವರ್ಷವಾಗಿತ್ತು, ಡೇಟಾಬೇಸಿನ ಪರವಾನಗಿಯನ್ನು ಒಮ್ಮೆಗೇ ಹಣ ಕೊಟ್ಟು ಪಡೆದಿದ್ದೆವು, ಮತ್ತು ನಮ್ಮ ಕೆಲಸ ದಿನದ 24 ಗಂಟೆಯೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಡೆಯುವಂಥದ್ದು. ಬೇಕಾದಾಗ ಹಿಗ್ಗಿಸಿ ಬೇಡವಾದಾಗ ಕುಗ್ಗಿಸುವವರಿಗೆ ಕ್ಲೌಡ್‌ನಲ್ಲಿ ಲಾಭವಿದೆ. ನಮ್ಮಂತೆ ಸದಾ ಒಂದೇ ಹದದಲ್ಲಿ ಓಡಿಸುವವರಿಗೆ, ಕೊಂಡ ಯಂತ್ರಗಳನ್ನು ಮೂಲೆಗೆ ತಳ್ಳಿ ತಿಂಗಳ ಬಾಡಿಗೆ ಕಟ್ಟುವುದು ಸರಿ ಕಾಣಲಿಲ್ಲ. ಆದ್ದರಿಂದ ಕೊಲೊಕೇಷನ್ ನೋಡಿದೆವು. ಯಂತ್ರ ನಮ್ಮದೇ, ಅದನ್ನಿಡುವ ಜಾಗ, ಎಡೆಬಿಡದ ವಿದ್ಯುತ್ತು, ತಂಪು, ಕಾವಲು ಮತ್ತು ದೂರಸಂಪರ್ಕ ಕಂಪನಿಗಳ ಕೇಬಲ್ ಬಂದು ಸೇರುವ ವ್ಯವಸ್ಥೆ ಡೇಟಾ ಸೆಂಟರಿನವರದು.

ಯಜಮಾನರಿಗೆ ಒಂದೇ ಆತಂಕವಿತ್ತು. "ಅಲ್ಲಪ್ಪಾ, ನಮ್ಮ ಲೆಕ್ಕಪತ್ರನೆಲ್ಲ ಇನ್ನೊಬ್ಬರ ಮನೇಲಿಟ್ಟು ನಾವು ನೆಮ್ಮದಿಯಾಗಿರೋದು ಹ್ಯಾಗೆ?" ಎಂದು ಕೇಳಿದರು. ಅದು ಸರಿಯಾದ ಪ್ರಶ್ನೆ. ಮುಂದಿನ ನಾಲ್ಕು ತಿಂಗಳು ನಾನು ಮಾಡಿದ್ದೆಲ್ಲ ಒಂದು ರೀತಿಯಲ್ಲಿ ಅವರ ಆ ಪ್ರಶ್ನೆಗೆ ಉತ್ತರ ಹುಡುಕಿದ್ದೇ.

ಮೊದಲ ತಪ್ಪು ಮೊದಲ ವಾರದಲ್ಲೇ ಆಯಿತು. ನಮಗೆ ಎಷ್ಟು ವಿದ್ಯುತ್ತು ಬೇಕು ಎಂದು ಒಂದು ಕಂಪನಿಯ ಮಾರಾಟ ಪ್ರತಿನಿಧಿ ಕೇಳಿದಾಗ, ಸರ್ವರ್‌ಗಳ ಹಿಂದಿನ ಪವರ್ ಸಪ್ಲೈ ಮೇಲೆ ಬರೆದಿದ್ದ ಅಂಕಿಗಳನ್ನು ಕೂಡಿ ಹೇಳಿಬಿಟ್ಟೆ. ಒಂದೊಂದರಲ್ಲಿ 750 ವ್ಯಾಟಿನ ಎರಡು ಪವರ್ ಸಪ್ಲೈ, ಮೂರು ಸರ್ವರ್‌ಗೆ 4,500 ವ್ಯಾಟ್. ಅವರು ಅದಕ್ಕೆ ತಕ್ಕಂತೆ 6 ಕೆವಿಎ ವಿದ್ಯುತ್ ಸಾಮರ್ಥ್ಯದ, ಸರ್ವರ್‌ಗಳನ್ನು ಒಂದರ ಮೇಲೊಂದು ಕೂರಿಸುವ ಕಪಾಟಿನಂತಹ ಒಂದು ಪೂರ್ತಿ ರ‍್ಯಾಕಿನ ಕೊಟೇಶನ್ ಕಳುಹಿಸಿದರು. ಆ ಮೊತ್ತ ನೋಡಿ ಯಜಮಾನರು ಕಡತ ಮುಚ್ಚಿಟ್ಟರು. ಅಷ್ಟರಲ್ಲಿ ನಮ್ಮ ಕಾರ್ಖಾನೆಯ ಎಲೆಕ್ಟ್ರಿಷಿಯನ್, ಮೂವತ್ತು ವರ್ಷ ಅನುಭವವಿರುವ ಹಿರಿಯರು, "ಸಾರ್, ಬರೆದಿರೋದನ್ನ ಯಾಕೆ ನಂಬ್ತೀರಿ, ಅಳೆದು ನೋಡಿ" ಎಂದು ತಮ್ಮ ಕ್ಲಾಂಪ್ ಮೀಟರ್ ತಂದುಕೊಟ್ಟರು. ಯುಪಿಎಸ್‌ನಿಂದ ರ‍್ಯಾಕಿಗೆ ಬರುವ ತಂತಿಯ ಒಂದೆಳೆಯನ್ನು ಹೊರತೆಗೆದು, ಮೀಟರಿನ ಬಾಯಿಯಲ್ಲಿ ಹಿಡಿದು, ಒಂದು ತಿಂಗಳ ಕಾಲ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬ್ಯಾಕಪ್ ಓಡುವ ಹೊತ್ತು, ತಿಂಗಳ ಕೊನೆಯ ಲೆಕ್ಕ ಮುಗಿಸುವ ದಿನ, ಹೀಗೆ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತ ಹೋದೆ. ಸ್ಟೋರೇಜ್, ಸ್ವಿಚ್‌ಗಳು, ಹೊರಜಾಲದ ಸಂಚಾರವೆಲ್ಲ ಹಾಯ್ದುಹೋಗುವ ಕಾವಲು ಯಂತ್ರವಾದ ಫೈರ್‌ವಾಲ್ ಎಲ್ಲ ಸೇರಿ ಕಡಿಮೆಯೆಂದರೆ 1.1 ಕಿಲೋವ್ಯಾಟ್, ಅತಿ ಹೆಚ್ಚೆಂದರೆ 1.5 ಕಿಲೋವ್ಯಾಟ್. ಎರಡು ಪವರ್ ಸಪ್ಲೈ ಇರುವುದು ಒಂದು ಕೆಟ್ಟರೆ ಇನ್ನೊಂದು ಪೂರ್ತಿ ಭಾರ ಹೊರಲೆಂದೇ ಹೊರತು ಎರಡೂ ಪೂರ್ತಿ ಎಳೆಯಲೆಂದಲ್ಲ.

ಜಾಗವನ್ನೂ ಹಾಗೆಯೇ ಅಳೆದೆವು. ರ‍್ಯಾಕಿನ ಎತ್ತರವನ್ನು 'ಯು' ಎಂಬ ಮಾನದಲ್ಲಿ ಎಣಿಸುತ್ತಾರೆ. ಒಂದು ಯು ಎಂದರೆ 44.45 ಮಿಲಿಮೀಟರ್, ಅಂದರೆ ಒಂದೂಮುಕ್ಕಾಲು ಅಂಗುಲ. ಸಾಮಾನ್ಯ ಪೂರ್ತಿ ರ‍್ಯಾಕ್ 42 ಯು. ತಲಾ ಎರಡು ಯು ಸರ್ವರ್ ಮೂರು, ಸ್ಟೋರೇಜ್ ಎರಡು, ಸ್ವಿಚ್ ಎರಡು, ಫೈರ್‌ವಾಲ್ ಒಂದು, ಬ್ಯಾಕಪ್ ಪೆಟ್ಟಿಗೆ ಎರಡು, ಒಟ್ಟು 13 ಯು. ಇದರ ಜೊತೆಗೆ ಹಾಜರಾತಿಯ ತಂತ್ರಾಂಶವಿದ್ದ ಒಂದು ಹಳೆಯ ಟವರ್ ಮಾದರಿಯ ಸರ್ವರ್ ಇತ್ತು; ಅದನ್ನು ಅಡ್ಡ ಮಲಗಿಸಿದರೂ ಐದು ಯು ತಿನ್ನುತ್ತಿತ್ತು. ಅದರ ಕೆಲಸವನ್ನು, ತಂತ್ರಾಂಶದೊಳಗೇ ನಡೆಯುವ ವರ್ಚುವಲ್ ಯಂತ್ರವಾಗಿ ಬೇರೆ ಸರ್ವರಿನೊಳಗೆ ಸೇರಿಸಿ, ಪೆಟ್ಟಿಗೆಯನ್ನು ನಿವೃತ್ತಿಗೊಳಿಸಿದೆವು. ಹೀಗೆ ನಮ್ಮ ಬೇಡಿಕೆ ಪೂರ್ತಿ ರ‍್ಯಾಕ್ ಮತ್ತು 6 ಕೆವಿಎಯಿಂದ ಅರ್ಧ ರ‍್ಯಾಕ್ ಮತ್ತು 2 ಕಿಲೋವ್ಯಾಟ್‌ಗೆ ಇಳಿಯಿತು. ಮುಚ್ಚಿಟ್ಟ ಕಡತ ಮತ್ತೆ ತೆರೆಯಿತು.

ಮುಂದಿನದು ಊರಿನ ಆಯ್ಕೆ. ಮೈಸೂರಿನಲ್ಲೇ ಇದ್ದರೆ ಇಪ್ಪತ್ತು ನಿಮಿಷದಲ್ಲಿ ಹೋಗಿ ಕೈಯಿಂದ ಮುಟ್ಟಿ ಬರಬಹುದು ಎಂಬುದೇ ನನ್ನ ಮೊದಲ ಆಸೆ. ಇಲ್ಲಿನ ಒಂದು ಸಣ್ಣ ಕೇಂದ್ರವನ್ನು ಅಕ್ಟೋಬರ್‌ನಲ್ಲಿ ನೋಡಿದೆ. ಚೊಕ್ಕಟವಾಗಿತ್ತು, ಸಿಬ್ಬಂದಿ ಸೌಜನ್ಯದಿಂದ ಎಲ್ಲವನ್ನೂ ತೋರಿಸಿದರು. ಆದರೆ ಜನರೇಟರ್ ಒಂದೇ. ಅದು ಕೈಕೊಟ್ಟರೆ ಬದಲಿಯಿಲ್ಲ. ಎರಡು ಕಂಪನಿಗಳ ಇಂಟರ್‌ನೆಟ್ ಇದೆ ಎಂದರು. ಕಟ್ಟಡದೊಳಗೆ ಕೇಬಲ್ ಎಲ್ಲಿ ಬರುತ್ತದೆಂದು ತೋರಿಸಿ ಎಂದಾಗ ಎರಡೂ ಕೇಬಲ್ ಒಂದೇ ಕೊಳವೆಯಿಂದ, ಒಂದೇ ರಸ್ತೆಯ ಅಡಿಯಿಂದ ಬರುತ್ತಿದ್ದುದು ಕಂಡಿತು. ಒಂದು ಜೆಸಿಬಿ ಸಾಕು, ಎರಡೂ ಒಟ್ಟಿಗೆ ಹೋಗಲು. ಬೇಸರದಿಂದಲೇ ಬಿಟ್ಟೆ.

ಬೆಂಗಳೂರಿನಲ್ಲಿ ಮೂರು ಕಡೆ ನೋಡಿದೆ, ಎರಡು ವೈಟ್‌ಫೀಲ್ಡ್ ಕಡೆ, ಒಂದು ಎಲೆಕ್ಟ್ರಾನಿಕ್ ಸಿಟಿ ಕಡೆ. ಹೋಗುವ ಮುನ್ನ ಶ್ರೇಣಿಗಳ ಬಗ್ಗೆ ಓದಿಕೊಂಡಿದ್ದೆ. ಅಪ್‌ಟೈಮ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಡೇಟಾ ಸೆಂಟರುಗಳನ್ನು ಟಿಯರ್ 1ರಿಂದ 4ರವರೆಗೆ ವಿಂಗಡಿಸುತ್ತದೆ. ಟಿಯರ್ 3ರ ತಿರುಳೆಂದರೆ, ವಿದ್ಯುತ್ತಿನ ಅಥವಾ ತಂಪಿನ ಯಾವುದೇ ಒಂದು ಭಾಗವನ್ನು ರಿಪೇರಿಗೆಂದು ನಿಲ್ಲಿಸಿದರೂ ನಮ್ಮ ಯಂತ್ರಗಳು ನಿಲ್ಲಬಾರದು. ಮಾರಾಟದ ಮಾತಿನಲ್ಲಿ ಇದಕ್ಕೆ ಹೊಂದಿಕೊಂಡು ಬರುವ ಸಂಖ್ಯೆ ಶೇ 99.982, ಅಂದರೆ ವರ್ಷಕ್ಕೆ ಸುಮಾರು 95 ನಿಮಿಷ ನಿಲುಗಡೆ. ಆದರೆ ಪ್ರಮಾಣಪತ್ರವೂ ಒಂದೇ ಬಗೆಯದಲ್ಲ. ನಕ್ಷೆ ನೋಡಿ ಕೊಡುವುದು ಬೇರೆ, ಕಟ್ಟಿದ ಮೇಲೆ ಸ್ಥಳದಲ್ಲಿ ಪರೀಕ್ಷಿಸಿ ಕೊಡುವುದು ಬೇರೆ. ಒಂದು ಕಡೆ ಸ್ವಾಗತ ಕೊಠಡಿಯಲ್ಲಿ ಚೌಕಟ್ಟು ಹಾಕಿ ತೂಗುಹಾಕಿದ್ದ ಪತ್ರವನ್ನು ಹತ್ತಿರ ಹೋಗಿ ಓದಿದೆ. ಅದು ನಕ್ಷೆಯದ್ದು ಮಾತ್ರ. ಇನ್ನೆರಡು ಕಡೆ ಕಟ್ಟಿದ ಸ್ಥಾವರದ ಪತ್ರವೇ ಇತ್ತು.

ಪ್ರತಿ ಕಡೆಯೂ ನಾನು ಕೇಳಿದ ಪ್ರಶ್ನೆ ಒಂದು: "ಕಳೆದ ಸಲ ಹೊರಗಿನ ಕರೆಂಟು ಹೋಗಿ ಜನರೇಟರ್ ಪೂರ್ತಿ ಭಾರ ಹೊತ್ತದ್ದು ಯಾವಾಗ, ಅದರ ದಾಖಲೆ ತೋರಿಸುತ್ತೀರಾ?" ಒಂದು ಕಡೆ ಅದು ಗೋಪ್ಯ ಎಂದರು. ಇನ್ನೊಂದು ಕಡೆ ಪಾಳಿಯ ಎಂಜಿನಿಯರ್ ಒಂದು ದಪ್ಪ ರಿಜಿಸ್ಟರ್ ತೆರೆದು, ಹಿಂದಿನ ಶನಿವಾರದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಹೊತ್ತು, ಭಾರ, ಡೀಸೆಲ್ ಮಟ್ಟ, ಸಹಿ ಎಲ್ಲ ಇತ್ತು. ಒಂದು ತಿಂಗಳು ಪರೀಕ್ಷೆ ತಪ್ಪಿದ್ದಕ್ಕೆ ಕಾರಣವನ್ನೂ ಬರೆದಿದ್ದರು. ಆ ತಪ್ಪಿದ ತಿಂಗಳ ಸಾಲು ನನಗೆ ಪ್ರಮಾಣಪತ್ರಕ್ಕಿಂತ ಹೆಚ್ಚು ವಿಶ್ವಾಸ ಹುಟ್ಟಿಸಿತು.

ನೋಡುವ ಕಣ್ಣಿಗೆ ಇನ್ನೂ ಸಣ್ಣ ವಿಷಯಗಳು ಹೇಳುತ್ತವೆ. ನಕ್ಷೆಯ ಪತ್ರ ಮಾತ್ರವಿದ್ದ ಕಡೆ ಬ್ಯಾಟರಿ ಕೋಣೆಯಲ್ಲಿ ಕೆಲವು ಬ್ಯಾಟರಿಗಳ ಮೇಲೆ 2017ರ ಚೀಟಿಯಿತ್ತು. ಮುಚ್ಚಿದ ಸೀಸದ ಬ್ಯಾಟರಿಗಳ ಆಯಸ್ಸು ತಾಪಮಾನ 25 ಡಿಗ್ರಿಯಿಂದ ಎಂಟು ಹತ್ತು ಡಿಗ್ರಿ ಏರಿದರೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕೆಲಸದವರೆಲ್ಲ ಬಲ್ಲ ಲೆಕ್ಕ, ಆ ಕೋಣೆ ಬೆಚ್ಚಗೇ ಇತ್ತು. ಅಲ್ಲಿನ ರ‍್ಯಾಕುಗಳಲ್ಲಿ ಖಾಲಿ ಬಿಟ್ಟ ಸ್ಥಾನಗಳಿಗೆ ಮುಚ್ಚುವ ತಗಡು ಹಾಕಿರಲಿಲ್ಲ; ಹಿಂದಿನ ಬಿಸಿಗಾಳಿ ಆ ಸಂದಿಯಿಂದ ಮುಂದಕ್ಕೆ ನುಗ್ಗಿ ತಂಪನ್ನು ಕೆಡಿಸುತ್ತದೆ. ರಿಜಿಸ್ಟರ್ ತೋರಿಸಿದವರ ಕಡೆ ಪ್ರತಿ ಸಂದಿಯೂ ಮುಚ್ಚಿತ್ತು, ಯಂತ್ರಗಳ ಮುಂದಿನ ತಂಪು ಸಾಲಿನ ಮಾಪಕ 24 ಡಿಗ್ರಿ ತೋರಿಸುತ್ತಿತ್ತು. ಸರ್ವರಿನ ಮೂತಿಗೆ ಬರುವ ಗಾಳಿ 18ರಿಂದ 27 ಡಿಗ್ರಿಯೊಳಗಿರಲಿ ಎಂಬುದು ಆಶ್ರೇ ಎಂಬ ಎಂಜಿನಿಯರುಗಳ ಸಂಸ್ಥೆಯ ಶಿಫಾರಸು. ದೂರಸಂಪರ್ಕದ ಕೇಬಲ್‌ಗಳು ಅಲ್ಲಿ ಕಟ್ಟಡದ ಎರಡು ವಿರುದ್ಧ ದಿಕ್ಕುಗಳಿಂದ ಒಳಬರುತ್ತಿದ್ದವು. ಎರಡೂ ಕಡೆಯ ಗುಂಡಿಯ ಮುಚ್ಚಳಗಳನ್ನು ಹೊರಗೆ ಹೋಗಿ ನೋಡಿದೆ.

ದೂರದ ವಿಷಯ ಉಳಿದಿತ್ತು. ಶಿವನಸಮುದ್ರದಿಂದ 1902ರಲ್ಲೇ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಕಳುಹಿಸಿದ ನಾಡು ನಮ್ಮದು. ನಮ್ಮ ಕಾರ್ಖಾನೆಗೂ ಬೆಂಗಳೂರಿಗೂ ದೂರ ಹೆಚ್ಚುಕಡಿಮೆ ಅಷ್ಟೇ, ಗಾಜಿನ ಎಳೆಯಲ್ಲಿ ಬೆಳಕಿಗೆ ಹೋಗಿ ಬರಲು ಒಂದೂವರೆ ಮಿಲಿಸೆಕೆಂಡು ಸಾಕು. ದಾರಿಯ ಸುತ್ತುಬಳಸು ಸೇರಿ ನಾವು ಅಳೆದಾಗ ಬಂದದ್ದು 6 ಮಿಲಿಸೆಕೆಂಡು. ಏನೂ ಅಲ್ಲ ಎಂದುಕೊಂಡು ಪ್ರಾಯೋಗಿಕವಾಗಿ ಬಿಲ್ಲಿನ ಪರದೆ ತೆರೆದರೆ ಎರಡು ಸೆಕೆಂಡು ಕಾಯಬೇಕಾಯಿತು. ಕಾರಣ ಹುಡುಕಲು ಎರಡು ದಿನ ಬೇಕಾಯಿತು. ನಮ್ಮ ತಂತ್ರಾಂಶ ಹಳೆಯ ಕಾಲದ್ದು. ಒಂದು ಪರದೆ ತುಂಬಲು ಡೇಟಾಬೇಸನ್ನು ಮುನ್ನೂರು ಸಲ ಒಂದಾದ ಮೇಲೊಂದು ಕೇಳುತ್ತದೆ. ಮುನ್ನೂರು ಸಲ 6 ಮಿಲಿಸೆಕೆಂಡು ಎಂದರೆ 1.8 ಸೆಕೆಂಡು. ಒಂದೇ ಕೋಣೆಯೊಳಗೆ ಇದ್ದಾಗ ಈ ದೋಷ ಕಾಣಿಸಿಯೇ ಇರಲಿಲ್ಲ. ಕೊನೆಗೆ ತಂತ್ರಾಂಶವನ್ನೂ ಸರ್ವರಿನ ಪಕ್ಕದಲ್ಲೇ ಓಡಿಸಿ, ಮೈಸೂರು, ಮಂಡ್ಯ, ಹುಬ್ಬಳ್ಳಿಯವರು ರಿಮೋಟ್ ಡೆಸ್ಕ್‌ಟಾಪ್ ಮೂಲಕ ಪರದೆಯನ್ನಷ್ಟೇ ನೋಡುವಂತೆ ಬದಲಿಸಿದೆವು. ತಮ್ಮ ಸರ್ವರ್‌ಗಳನ್ನು ದೂರಕ್ಕೆ ಸಾಗಿಸಲು ಯೋಚಿಸುವವರು ಕರಾರಿಗೆ ಸಹಿ ಹಾಕುವ ಮುನ್ನವೇ ಇದನ್ನು ಪರೀಕ್ಷಿಸಲಿ ಎಂದು ಕಳಕಳಿಯಿಂದ ಹೇಳುತ್ತೇನೆ. ಸರ್ವರ್ ದೂರ ಹೋದ ಮೇಲೆ ಕಾರ್ಖಾನೆಯ ಜೀವ ಲೈನಿನ ಮೇಲೆ ನಿಲ್ಲುತ್ತದೆ. ಹಾಗಾಗಿ ಎರಡು ಬೇರೆ ಕಂಪನಿಗಳ ಸಂಪರ್ಕ ಪಡೆದೆವು, ಒಂದು ನೆಲದಡಿಯ ಫೈಬರ್, ಇನ್ನೊಂದು ಗೋಪುರದಿಂದ ಬರುವ ನಿಸ್ತಂತು ಸಂಪರ್ಕ.

ಕರಾರು ಪತ್ರವನ್ನು ಯಜಮಾನರ ಮಗಳು, ಅವರೇ ನಮ್ಮ ಹಣಕಾಸು ನೋಡುವವರು, ನನ್ನೊಂದಿಗೆ ಮೂರು ಸಂಜೆ ಕುಳಿತು ಓದಿದರು. ತಿಂಗಳ ಬಾಡಿಗೆ ಅತಿ ಕಡಿಮೆ ಹೇಳಿದ್ದ ಕೊಟೇಶನ್, ಬೇರೆ ಬೇರೆ ಹೆಸರಿನ ಶುಲ್ಕ ಕೂಡಿದಾಗ ಮೂರರಲ್ಲಿ ಎರಡನೆಯ ಸ್ಥಾನಕ್ಕೆ ಏರಿತು. ದೂರಸಂಪರ್ಕ ಕಂಪನಿಯ ಕೇಬಲನ್ನು ನಮ್ಮ ರ‍್ಯಾಕಿಗೆ ಎಳೆದು ಜೋಡಿಸುವುದಕ್ಕೆ ಕ್ರಾಸ್ ಕನೆಕ್ಟ್ ಎನ್ನುತ್ತಾರೆ. ಅದಕ್ಕೆ ಒಮ್ಮೆ ಕೊಡುವ ಶುಲ್ಕವಲ್ಲದೆ ಪ್ರತಿ ತಿಂಗಳೂ ಬಾಡಿಗೆಯಿತ್ತು, ನಮಗೆ ಬೇಕಾದದ್ದು ಎರಡು. ಅವರ ಸಿಬ್ಬಂದಿ ನಮ್ಮ ಪರವಾಗಿ ಒಂದು ಗುಂಡಿ ಒತ್ತಿದರೂ ಗಂಟೆಯ ಲೆಕ್ಕ. ವಿದ್ಯುತ್ತನ್ನು ಕೆಲವರು ಬಳಸಲಿ ಬಿಡಲಿ ಇಡೀ ಮೊತ್ತಕ್ಕೆ, ಕೆಲವರು ಮೀಟರಿನ ಪ್ರಕಾರ ಹಾಕುತ್ತಾರೆ. ನಮ್ಮ 1.5 ಕಿಲೋವ್ಯಾಟ್ ತಿಂಗಳಿಡೀ ಓಡಿದರೆ 1,080 ಯೂನಿಟ್. ಆದರೆ ತಂಪು ಮಾಡುವ ಯಂತ್ರಗಳ ಖರ್ಚಿನ ಪಾಲೂ ನಮ್ಮ ಮೇಲೆ ಬರುತ್ತದೆ. ಕಟ್ಟಡ ಬಳಸುವ ಒಟ್ಟು ವಿದ್ಯುತ್ತಿಗೂ ಯಂತ್ರಗಳಷ್ಟೇ ಬಳಸುವ ವಿದ್ಯುತ್ತಿಗೂ ಇರುವ ಅನುಪಾತಕ್ಕೆ ಪಿಯುಇ ಎನ್ನುತ್ತಾರೆ, ಕರಾರಿನಲ್ಲಿ ಅದು 1.6 ಎಂದಿದ್ದರೆ 1,728 ಯೂನಿಟ್‌ಗೆ ಹಣ ಕಟ್ಟಬೇಕು. ಇವೆಲ್ಲದರ ಮೇಲೆ ಶೇ 18 ಜಿಎಸ್‌ಟಿ.

ಎರಡು ಸಾಲುಗಳಿಗಾಗಿ ನಾವು ಹಟ ಹಿಡಿದೆವು. ಸೇವೆ ನಿಂತರೆ ಬಾಡಿಗೆಯಲ್ಲಿ ಕಡಿತ ಕೊಡುವ ಷರತ್ತಿನಲ್ಲಿ ಶೇ 99.982ನ್ನು ವರ್ಷಕ್ಕೆ ಲೆಕ್ಕ ಹಾಕಿದ್ದರು. ವರ್ಷಕ್ಕಾದರೆ ಒಂದೇ ದಿನ ಒಂದೂವರೆ ಗಂಟೆ ನಿಂತರೂ ಅವರು ಮಾತು ಉಳಿಸಿಕೊಂಡಂತೆ. ತಿಂಗಳಿಗಾದರೆ ಎಂಟು ನಿಮಿಷಕ್ಕೂ ಕಡಿಮೆ. ತಿಂಗಳಿಗೆ ಎಂದು ತಿದ್ದಿಸಿದೆವು. ಇನ್ನೊಂದು, ಬಾಕಿ ಉಳಿದರೆ ನಮ್ಮ ಯಂತ್ರಗಳನ್ನು ತಡೆಹಿಡಿಯುವ ಹಕ್ಕು ಅವರದು ಎಂಬ ಸಾಲು. ಯಜಮಾನರು ಮೊದಲ ದಿನ ಕೇಳಿದ ಪ್ರಶ್ನೆಯ ನಿಜವಾದ ತಾಣ ಅದೇ. ಬಹಳ ಪತ್ರವ್ಯವಹಾರದ ನಂತರ, ಯಂತ್ರ ಉಳಿದರೂ ಡಿಸ್ಕ್‌ಗಳನ್ನು ನಾವು ಯಾವಾಗ ಬೇಕಾದರೂ ಹೊರತೆಗೆದುಕೊಂಡು ಹೋಗಬಹುದು ಎಂದು ಬರೆಸಿಕೊಂಡೆವು. ಅದಲ್ಲದೆ ಪ್ರತಿ ರಾತ್ರಿಯ ಒಂದು ಪ್ರತಿ ಮೈಸೂರಿನ ಆಡಳಿತ ಕಚೇರಿಯ, ಧೂಳಿಲ್ಲದ ಒಂದು ಬೀರುವಿನಲ್ಲಿರುವ ಪೆಟ್ಟಿಗೆಗೆ ಬರುತ್ತದೆ. ಕಂಪನಿಗಳ ಲೆಕ್ಕಪತ್ರದ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ದಿನವೂ ಇರಬೇಕೆಂದು 2022ರಲ್ಲಿ ನಿಯಮ ಬಂದಿದೆ. ಅದೂ ಹೀಗೆ ಪೂರೈಕೆಯಾಯಿತು.

2024ರ ಜನವರಿ 26 ಶುಕ್ರವಾರ ಬಂದದ್ದರಿಂದ ಮೂರು ದಿನ ಕೈಗೆ ಸಿಕ್ಕವು. ಗುರುವಾರ ರಾತ್ರಿ ಎರಡು ಬ್ಯಾಕಪ್ ತೆಗೆದು, ಒಂದರಿಂದ ಮಾಹಿತಿ ಮರಳಿ ಬರುತ್ತದೆಯೇ ಎಂದು ಪರೀಕ್ಷಿಸಿ, ಶುಕ್ರವಾರ ಎಲ್ಲವನ್ನೂ ನಿಲ್ಲಿಸಿದೆವು. ಪ್ರತಿ ಡಿಸ್ಕನ್ನೂ ಹೊರತೆಗೆದು, ಯಾವ ಯಂತ್ರದ ಯಾವ ಸ್ಥಾನದ್ದೆಂದು ಚೀಟಿ ಅಂಟಿಸಿ, ಫೋಮ್ ಇಟ್ಟ ಪೆಟ್ಟಿಗೆಯಲ್ಲಿ ಕಾರಿನಲ್ಲಿ ನಾನೇ ಒಯ್ದೆ; ಯಂತ್ರಗಳು ವ್ಯಾನಿನಲ್ಲಿ. ನಮ್ಮದೇ ಯಂತ್ರವಾದರೂ ಬೆಲೆ 50,000 ರೂಪಾಯಿ ಮೀರಿದ್ದರಿಂದ ಡೆಲಿವರಿ ಚಲನ್ ಮತ್ತು ಸ್ವಂತ ಬಳಕೆಗೆ ಎಂದು ನಮೂದಿಸಿದ, ಇ-ವೇ ಬಿಲ್ ಎಂಬ ಸಾಗಣೆ ಪತ್ರ ಜೊತೆಗಿತ್ತು. ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ಹೊರಟು, ಗಣಂಗೂರು ಟೋಲ್ ದಾಟಿ, ಕೊನೆಗೆ ನಾವು ಆರಿಸಿದ್ದ, ರಿಜಿಸ್ಟರ್ ತೋರಿಸಿದವರ ವೈಟ್‌ಫೀಲ್ಡ್ ಕೇಂದ್ರವನ್ನು ಎಂಟರೊಳಗೆ ತಲುಪಿದೆವು.

ಯಂತ್ರಗಳನ್ನು ರ‍್ಯಾಕಿಗೆ ಏರಿಸಿ ವಿದ್ಯುತ್ ಜೋಡಿಸಲು ಹೋದಾಗ ಕೈ ನಿಂತಿತು. ರ‍್ಯಾಕಿನ ಪವರ್ ಪಟ್ಟಿಯಲ್ಲಿದ್ದದ್ದು ಕಂಪ್ಯೂಟರಿನ ಹಿಂಬದಿಗೆ ಚುಚ್ಚುವ ಕೇಬಲಿನ ತುದಿಯಂತಹ ಸಿ-13 ಬಾಯಿಗಳು. ನಮ್ಮ ಕೇಬಲ್‌ಗಳೆಲ್ಲ ಗೋಡೆಗೆ ಚುಚ್ಚುವ ಮೂರು ಪಿನ್ನಿನವು. ಮೂರು ಸಲ ಬಂದು ನೋಡಿಹೋಗಿದ್ದೆ, ಈ ಬಾಯಿಗಳನ್ನು ನೋಡಿರಲಿಲ್ಲ. ಸಹೋದ್ಯೋಗಿಯೊಬ್ಬರು ವೈಟ್‌ಫೀಲ್ಡ್‌ನಿಂದ, ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋಗಿ ಹದಿನಾಲ್ಕು ಕೇಬಲ್ ಕೊಂಡು ಬರುವಾಗ ಮಧ್ಯಾಹ್ನ ಮೂರಾಯಿತು. ಅಲ್ಲಿಗೆ ಬರುವ ಎರಡು ಪ್ರತ್ಯೇಕ ವಿದ್ಯುತ್ ಸಾಲುಗಳಲ್ಲಿ ಕೆಂಪು ಕೇಬಲ್ ಎ ಸಾಲಿಗೆ, ಕಪ್ಪು ಬಿ ಸಾಲಿಗೆ ಎಂದು ಜೋಡಿಸಿ, ಭಾನುವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಎದ್ದು ನಿಂತವು.

ಹೊರಡುವ ಮುನ್ನ ಎ ಸಾಲಿನ ವಿದ್ಯುತ್ತನ್ನು ಆರಿಸಿ ತೋರಿಸುವಂತೆ ಪಾಳಿಯ ಎಂಜಿನಿಯರರನ್ನು ಕೇಳಿದೆ. ಅವರು ಲಿಖಿತ ಒಪ್ಪಿಗೆ ಪಡೆದು ಆರಿಸಿದರು. ಸರ್ವರ್‌ಗಳು, ಸ್ಟೋರೇಜ್ ಅಲ್ಲಾಡಲಿಲ್ಲ. ಫೈರ್‌ವಾಲ್ ಮಾತ್ರ ಆರಿಹೋಯಿತು. ಅದಕ್ಕಿದ್ದದ್ದು ಒಂದೇ ಪವರ್ ಸಪ್ಲೈ. ಅಂದರೆ ಎ ಸಾಲು ಹೋದ ದಿನ ಸರ್ವರ್‌ಗಳು ಜೀವಂತವಾಗಿದ್ದೂ ಕಾರ್ಖಾನೆಗೆ ಕಾಣದಂತಾಗುತ್ತಿದ್ದವು. ಎರಡು ಸಾಲುಗಳಿಂದ ವಿದ್ಯುತ್ ಪಡೆದು, ಒಂದು ಹೋದರೆ ಕ್ಷಣದಲ್ಲಿ ಇನ್ನೊಂದಕ್ಕೆ ಬದಲಿಸುವ ಟ್ರಾನ್ಸ್‌ಫರ್ ಸ್ವಿಚ್ ಒಂದನ್ನು ತರಿಸಿ, ಮಾರ್ಚ್ ಮೊದಲ ವಾರದಲ್ಲಿ ಮತ್ತೆ ಹೋದೆ. ಯಜಮಾನರೂ ಬಂದಿದ್ದರು. ಬಾಗಿಲಲ್ಲಿ ಗುರುತಿನ ಚೀಟಿ ಕೊಟ್ಟು, ಬೆರಳಚ್ಚು ಒತ್ತಿ ಒಳಗೆ ಬಂದು, ರ‍್ಯಾಕಿನ ಮುಂದೆ ಕೈಕಟ್ಟಿ ನಿಂತರು. ಮೈಸೂರಿನಲ್ಲಿ ಬಿಲ್ಲು ಮಾಡುವ ಸಹೋದ್ಯೋಗಿಯನ್ನು ಫೋನಿನಲ್ಲಿ ಹಿಡಿದುಕೊಂಡು, ಅವರು ಒಂದೊಂದು ಬಿಲ್ಲು ಮುಗಿಸಿದಂತೆ ಸಂಖ್ಯೆ ಓದುತ್ತಿರಲಿ ಎಂದೆ. ಎಂಜಿನಿಯರ್ ಎ ಸಾಲನ್ನು ಆರಿಸಿದರು, ಐದು ನಿಮಿಷದ ನಂತರ ಹಚ್ಚಿದರು, ಬಿ ಸಾಲನ್ನು ಆರಿಸಿದರು, ಅದನ್ನೂ ಹಚ್ಚಿದರು. ಫೋನಿನಲ್ಲಿ ಅವರು ಸಂಖ್ಯೆ ಓದುತ್ತಲೇ ಇದ್ದರು; ಆಮೇಲೆ, "ಸಾರ್, ಇನ್ನೂ ಎಷ್ಟು ಓದಲಿ, ಪರೀಕ್ಷೆ ಶುರು ಮಾಡಿದ್ರಾ?" ಎಂದು ಕೇಳಿದರು.